ಬೀಗದ ಗುರುತು ಹೇಳುವುದು ದಾರಿಯ ವಿಷಯ, ಅಂಗಡಿಯ ವಿಷಯವಲ್ಲ

ಮಾನ್ಯ ಸಂಪಾದಕರೇ,

ಹಬ್ಬದ ಖರೀದಿಯ ದಿನಗಳು ಹತ್ತಿರವಾದಂತೆ ಆನ್‌ಲೈನ್ ವಂಚನೆಯ ಬಗ್ಗೆ ಎಚ್ಚರಿಸುವ ಬರಹಗಳು ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಕಡೆ ಪ್ರಕಟವಾಗುತ್ತವೆ. ಅವುಗಳಲ್ಲಿ ತಪ್ಪದೆ ಬರುವ ಸಲಹೆಯೊಂದಿದೆ: ಜಾಲತಾಣದ ವಿಳಾಸದ ಪಕ್ಕದಲ್ಲಿ ಬೀಗದ ಗುರುತು ಇದೆಯೇ, ವಿಳಾಸವು ಎಚ್‌ಟಿಟಿಪಿಎಸ್ ಎಂದು ಆರಂಭವಾಗುತ್ತದೆಯೇ ನೋಡಿಕೊಳ್ಳಿ; ಇದ್ದರೆ ಆ ಅಂಗಡಿಯನ್ನು ನಂಬಬಹುದು. ಹುಬ್ಬಳ್ಳಿಯಲ್ಲಿ ಹನ್ನೆರಡು ವರ್ಷಗಳಿಂದ ಸಣ್ಣ ವ್ಯಾಪಾರಿಗಳ ಜಾಲತಾಣಗಳನ್ನು ಕಟ್ಟಿಕೊಟ್ಟು, ಅವುಗಳ ಉಸ್ತುವಾರಿ ನೋಡಿಕೊಳ್ಳುತ್ತಿರುವ ನಾನು ಈ ಸಲಹೆಯ ಮೊದಲರ್ಧವನ್ನು ಮನಸಾರೆ ಒಪ್ಪುತ್ತೇನೆ. ಉಳಿದರ್ಧ ಇನ್ನು ಮುಂದೆ ಅಚ್ಚಾಗಬಾರದೆಂದು ವಿನಂತಿಸಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಧಾರವಾಡದಲ್ಲಿರುವ ನನ್ನ ಅತ್ತಿಗೆಯವರು ಶಾಲಾ ಶಿಕ್ಷಕಿ. ಪತ್ರಿಕೆಯ ಇಂತಹ ಸಲಹೆಗಳನ್ನು ಓದುವವರು, ಪಾಲಿಸುವವರು. ಮೈಸೂರು ರೇಷ್ಮೆ ಸೀರೆಯನ್ನು ಅಸಲಿ ಬೆಲೆಯ ಕಾಲು ಭಾಗಕ್ಕೂ ಕಡಿಮೆಗೆ ಕೊಡುವುದಾಗಿ ಫೋನಿನಲ್ಲಿ ಕಂಡ ಜಾಹೀರಾತನ್ನು ಒತ್ತಿ, ತೆರೆದುಕೊಂಡ ಅಂಗಡಿಯಲ್ಲಿ ಯುಪಿಐ ಮೂಲಕ 2,850 ರೂಪಾಯಿ ಪಾವತಿಸಿದರು. ಸೀರೆ ಬರಲಿಲ್ಲ, ಹತ್ತು ದಿನಗಳಾಗುವಷ್ಟರಲ್ಲಿ ಅಂಗಡಿಯೂ ಮಾಯವಾಯಿತು. ನನ್ನೆದುರು ಕುಳಿತು ಅವರು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: ‘ಬೀಗ ಇತ್ತಲ್ಲಪಾ, ನೋಡೇ ರೊಕ್ಕ ಹಾಕೀನಿ.’ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಜಾಲತಾಣ ಕಣ್ಮರೆಯಾಗುವ ಮುನ್ನ ನಾನು ಅದನ್ನು ಕಂಪ್ಯೂಟರಿನಲ್ಲಿ ತೆರೆದು, ಅದರ ಭದ್ರತಾ ಪ್ರಮಾಣಪತ್ರವನ್ನು, ಅಂದರೆ ಬೀಗದ ಗುರುತು ಕಾಣಿಸಲು ಜಾಲತಾಣದ ಬಳಿ ಇರಲೇಬೇಕಾದ ಡಿಜಿಟಲ್ ದಾಖಲೆಯನ್ನು, ಪರಿಶೀಲಿಸಿದ್ದೆ. ಪ್ರಮಾಣಪತ್ರ ಅಸಲಿಯೇ ಆಗಿತ್ತು, ಚಾಲ್ತಿಯಲ್ಲಿತ್ತು. ಅತ್ತಿಗೆಯವರು ಹಣ ಕಟ್ಟುವುದಕ್ಕೆ ಕೇವಲ ನಾಲ್ಕು ದಿನ ಮೊದಲು ಅದನ್ನು ಪಡೆಯಲಾಗಿತ್ತು. ಅದರಲ್ಲಿ ಜಾಲತಾಣದ ಹೆಸರು ಇತ್ತು. ಸಂಸ್ಥೆಯ ಹೆಸರು ಇರಬೇಕಾದ ಸಾಲಿನಲ್ಲಿ ಮಾತ್ರ ಅದು ಪ್ರಮಾಣಪತ್ರದ ಭಾಗವಲ್ಲ ಎಂಬ ಷರಾ ಇತ್ತು. ಆ ಅಂಗಡಿ ಯಾರದು ಎಂಬುದನ್ನು ಯಾರೂ ವಿಚಾರಿಸಿರಲಿಲ್ಲ, ವಿಚಾರಿಸಿದ್ದೇವೆಂದು ಪ್ರಮಾಣಪತ್ರವೂ ಹೇಳಿರಲಿಲ್ಲ.

ಈ ಪ್ರಮಾಣಪತ್ರ ಮಾಡುವ ಕೆಲಸ ನಿಜಕ್ಕೂ ದೊಡ್ಡದು, ಅದನ್ನು ಕಡೆಗಣಿಸುವಂತಿಲ್ಲ. ಗ್ರಾಹಕರು ತಮ್ಮ ಹೆಸರು, ಮನೆಯ ವಿಳಾಸ, ಫೋನ್ ಸಂಖ್ಯೆ, ಪಾಸ್‌ವರ್ಡ್ ಇವುಗಳನ್ನು ಅಂಗಡಿಯ ಪುಟದಲ್ಲಿ ತುಂಬಿದಾಗ ಆ ಮಾಹಿತಿ ಹಲವರ ಯಂತ್ರಗಳನ್ನು ಹಾದು ಹೋಗಬೇಕಾಗುತ್ತದೆ. ಬಸ್ ನಿಲ್ದಾಣದ ಉಚಿತ ವೈಫೈ ಬಳಸುತ್ತಿದ್ದರಂತೂ ನಡುವೆ ಯಾರು ಕುಳಿತಿದ್ದಾರೆಂದು ಹೇಳಲಾಗದು. ಪ್ರಮಾಣಪತ್ರವಿದ್ದರೆ ಆ ಮಾಹಿತಿಯೆಲ್ಲ ಗೂಢಲಿಪಿಯಾಗಿ ಮಾರ್ಪಟ್ಟು ಸಾಗುತ್ತದೆ, ನಡುವಿನವರು ಅದನ್ನು ಓದಲೂ ತಿದ್ದಲೂ ಆಗುವುದಿಲ್ಲ. ಜೊತೆಗೆ, ಬ್ರೌಸರ್‌ನಲ್ಲಿ ಕಾಣುವ ವಿಳಾಸದ ಜಾಲತಾಣದೊಂದಿಗೇ ನಾವು ಮಾತನಾಡುತ್ತಿದ್ದೇವೆ ಎಂಬುದೂ ಖಚಿತವಾಗುತ್ತದೆ. ಸಂತೆಯಲ್ಲಿ ತಕ್ಕಡಿಯ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುತ್ತದಲ್ಲ, ಇದು ಅದೇ ಬಗೆಯದು. ಮುದ್ರೆಯಿಲ್ಲದ ತಕ್ಕಡಿಯಲ್ಲಿ ತೂಗಿಸಿಕೊಳ್ಳಬಾರದು, ನಿಜ. ಆದರೆ ಮುದ್ರೆ ಇದೆಯೆಂದ ಮಾತ್ರಕ್ಕೆ ಚೀಲದೊಳಗಿನ ಬೇಳೆ ಹುಳ ಹಿಡಿದಿಲ್ಲವೆಂದು ತಿಳಿಯುವವರು ನಮ್ಮಲ್ಲಿ ಯಾರೂ ಇಲ್ಲ.

ಹಾಗಿದ್ದರೆ ಬೀಗಕ್ಕೆ ಅಷ್ಟೊಂದು ಮರ್ಯಾದೆ ಬಂದದ್ದು ಹೇಗೆ? ಅದಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು. ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿ 1995ರಲ್ಲಿ, ಮಾಹಿತಿಯನ್ನು ಗೂಢಲಿಪಿಯಾಗಿ ಕಳಿಸುವ ಎಸ್‌ಎಸ್‌ಎಲ್ ವ್ಯವಸ್ಥೆಯನ್ನು ಹೊರತಂದ ನಂತರದ ಬಹಳ ವರ್ಷಗಳ ಕಾಲ ಪ್ರಮಾಣಪತ್ರಕ್ಕೆ ಹಣ ಕೊಡಬೇಕಿತ್ತು, ಅದನ್ನು ಸರ್ವರ್‌ನಲ್ಲಿ ಕೂಡಿಸಲು ಬಲ್ಲವರು ಬೇಕಿತ್ತು. ನಾನು ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ಚಿಕ್ಕ ಅಂಗಡಿಯವರಿಗೆ ಅದರ ವಾರ್ಷಿಕ ಶುಲ್ಕವನ್ನು ಒಪ್ಪಿಸುವುದೇ ಕಷ್ಟವಾಗುತ್ತಿತ್ತು. ನಾಲ್ಕು ದಿನಕ್ಕೆಂದು ಅಂಗಡಿ ತೆರೆಯುವ ವಂಚಕರೂ ಅಷ್ಟು ಖರ್ಚಿಗೆ ಹಿಂಜರಿಯುತ್ತಿದ್ದರು. 2015ರ ಡಿಸೆಂಬರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ ಸಾರ್ವಜನಿಕರಿಗೆ ತೆರೆದುಕೊಂಡು, ಪ್ರಮಾಣಪತ್ರವನ್ನು ಉಚಿತವಾಗಿ ಕೊಡತೊಡಗಿದಾಗ ಚಿತ್ರ ಬದಲಾಯಿತು. ಅರ್ಜಿದಾರರು ಜಾಲತಾಣದ ನಿಗದಿತ ಜಾಗದಲ್ಲಿ ಒಂದು ಸಣ್ಣ ಕಡತ ಇಟ್ಟು ತೋರಿಸಿದರೆ ಸಾಕು, ನಿಮಿಷಗಳಲ್ಲಿ ಪ್ರಮಾಣಪತ್ರ ಸಿಗುತ್ತದೆ. ನಡುವೆ ಒಬ್ಬ ಮನುಷ್ಯನೂ ಕಡತ ನೋಡುವುದಿಲ್ಲ. ಆ ಪರೀಕ್ಷೆ ರುಜುವಾತುಪಡಿಸುವುದು ಡೊಮೈನ್ ಹೆಸರು, ಅಂದರೆ ಜಾಲತಾಣದ ವಿಳಾಸ, ಅರ್ಜಿದಾರರ ಹಿಡಿತದಲ್ಲಿದೆ ಎಂಬುದೊಂದನ್ನೇ. ಇದರಿಂದ ಇಡೀ ಅಂತರಜಾಲಕ್ಕೆ ಆಗಿರುವ ಉಪಕಾರ ಅಪಾರವಾದದ್ದು, ನನ್ನ ಎಲ್ಲ ಗಿರಾಕಿಗಳೂ ಅದರ ಫಲಾನುಭವಿಗಳೇ. 2018ರ ಜುಲೈನಿಂದ ಕ್ರೋಮ್ ಬ್ರೌಸರ್ ಪ್ರಮಾಣಪತ್ರವಿಲ್ಲದ ಜಾಲತಾಣಗಳನ್ನೆಲ್ಲ ‘ಸುರಕ್ಷಿತವಲ್ಲ’ ಎಂದು ತೋರಿಸತೊಡಗಿದ ಮೇಲೆ ಒಳ್ಳೆಯವರೂ ಕೆಟ್ಟವರೂ ಒಟ್ಟಿಗೇ ಬೀಗ ಹಾಕಿಕೊಂಡರು. ಎಲ್ಲರ ಬಾಗಿಲಲ್ಲೂ ಇರುವ ಗುರುತು ಯಾರನ್ನೂ ಬೇರೆ ಮಾಡಿ ತೋರಿಸಲಾರದು.

ಬ್ರೌಸರ್ ತಯಾರಿಸುವವರು ಇದನ್ನು ಒಪ್ಪಿಕೊಂಡೇ ಕೆಲವು ವರ್ಷಗಳಾದವು. ಬೀಗದ ಗುರುತಿನ ನಿಖರವಾದ ಅರ್ಥ ತಿಳಿದವರು ತಮ್ಮ 2021ರ ಅಧ್ಯಯನದಲ್ಲಿ ಪಾಲ್ಗೊಂಡವರ ಪೈಕಿ ಶೇ 11ರಷ್ಟು ಮಾತ್ರ ಎಂದು ಗೂಗಲ್ ಹೇಳಿಕೊಂಡಿತು. ಜನರನ್ನು ಬಲೆಗೆ ಬೀಳಿಸುವ ಜಾಲತಾಣಗಳಲ್ಲಿ ಬಹುತೇಕ ಎಲ್ಲವೂ ಈಗ ಎಚ್‌ಟಿಟಿಪಿಎಸ್ ಬಳಸುತ್ತಿವೆ ಎಂಬುದನ್ನೂ ಒಪ್ಪಿತು. 2023ರ ಸೆಪ್ಟೆಂಬರ್‌ನಲ್ಲಿ ಕಂಪ್ಯೂಟರಿನ ಕ್ರೋಮ್‌ನಿಂದ ಬೀಗವನ್ನೇ ತೆಗೆದು, ಆ ಜಾಗದಲ್ಲಿ ಸೆಟ್ಟಿಂಗ್ಸ್ ಸೂಚಿಸುವ ಬೇರೊಂದು ಚಿಹ್ನೆಯನ್ನು ಇಟ್ಟಿತು. ನಾವು ಮಾತ್ರ ಇನ್ನೂ ಬೀಗ ಹುಡುಕಿ ಎಂದು ಓದುಗರಿಗೆ ಹೇಳುತ್ತಿದ್ದೇವೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಇಳಕಲ್ಲಿನ ನೇಕಾರ ಕುಟುಂಬವೊಂದು ಮಧ್ಯವರ್ತಿಗಳ ಕಾಟ ತಪ್ಪಿಸಿಕೊಳ್ಳಲು ನನ್ನಿಂದ ಜಾಲತಾಣ ಮಾಡಿಸಿಕೊಂಡಿತ್ತು. ಅವರ ಪ್ರಮಾಣಪತ್ರವನ್ನು ಆಗ ನಾನು ಕೈಯಾರೆ ನವೀಕರಿಸುತ್ತಿದ್ದೆ. ದೀಪಾವಳಿಗೆ ಒಂದು ವಾರ ಇರುವಾಗ ಅದರ ಅವಧಿ ಮುಗಿದದ್ದು ನನ್ನ ಗಮನಕ್ಕೆ ಬರಲಿಲ್ಲ. ತಪ್ಪು ಸಂಪೂರ್ಣ ನನ್ನದು. ಶನಿವಾರ ಬೆಳಿಗ್ಗೆ ಮನೆಯ ಯಜಮಾನರು ಫೋನ್ ಮಾಡಿ, ‘ಸರ, ಅಂಗಡಿ ತೆಗದ್ರ ಕೆಂಪು ಬರಾಕತ್ತೈತಿ, ಮಂದಿ ಅಂಜಾಕತ್ತಾರ’ ಎಂದರು. ತೆರೆದು ನೋಡಿದರೆ ಪುಟದ ತುಂಬ ಎಚ್ಚರಿಕೆ: ಈ ಸಂಪರ್ಕ ಖಾಸಗಿಯಾಗಿಲ್ಲ, ನಿಮ್ಮ ಮಾಹಿತಿಯನ್ನು ಯಾರಾದರೂ ಕದಿಯುತ್ತಿರಬಹುದು ಎಂದು. ವರ್ಷದ ಅತಿ ಹೆಚ್ಚು ವ್ಯಾಪಾರವಾಗುವ ವಾರದಲ್ಲಿ, ಮೂರು ತಲೆಮಾರಿನಿಂದ ಮಗ್ಗ ನಂಬಿ ಬದುಕಿದವರ ಬಾಗಿಲಿಗೆ ಕಳ್ಳರ ಅಂಗಡಿಯೆಂಬ ಹಣೆಪಟ್ಟಿ ಬಿದ್ದಿತ್ತು. ಅತ್ತಿಗೆಯವರಿಗೆ ಟೋಪಿ ಹಾಕಿದವರ ಬಾಗಿಲಲ್ಲಿ ಬೀಗ ನಿರಾತಂಕವಾಗಿ ನೇತಾಡುತ್ತಿತ್ತು. ಅಂದು ಮಧ್ಯಾಹ್ನವೇ ನವೀಕರಣವನ್ನು ಸ್ವಯಂಚಾಲಿತಗೊಳಿಸಿದೆ. ವ್ಯಾಪಾರಿಗಳು ಈ ಒಂದು ವಿಷಯವನ್ನು ದಯವಿಟ್ಟು ಗಮನಿಸಬೇಕು. ಪ್ರಮಾಣಪತ್ರದ ಗರಿಷ್ಠ ಅವಧಿಯನ್ನು 2026ರ ಮಾರ್ಚ್ 15ರಿಂದ 200 ದಿನಗಳಿಗೆ, 2027ರ ಅದೇ ದಿನದಿಂದ 100 ದಿನಗಳಿಗೆ, 2029ರ ಮಾರ್ಚ್ 15ರಿಂದ 47 ದಿನಗಳಿಗೆ ಇಳಿಸಲು ಪ್ರಮಾಣಪತ್ರ ನೀಡುವ ಸಂಸ್ಥೆಗಳೂ ಬ್ರೌಸರ್ ಕಂಪನಿಗಳೂ ಕೂಡಿರುವ ವೇದಿಕೆ 2025ರ ಏಪ್ರಿಲ್‌ನಲ್ಲಿ ತೀರ್ಮಾನಿಸಿದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ನವೀಕರಿಸುವ ಕಾಲ ಮುಗಿಯಿತು. ತಮ್ಮ ಜಾಲತಾಣವನ್ನು ಇರಿಸಿರುವ ಹೋಸ್ಟಿಂಗ್‌ನಲ್ಲಿ ಅದು ತಾನಾಗಿಯೇ ಆಗುತ್ತದೆಯೇ ಎಂದು ಪ್ರತಿಯೊಬ್ಬರೂ ಈಗಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಹೆಚ್ಚು ಹಣ ಕೊಟ್ಟು ದೊಡ್ಡ ಪ್ರಮಾಣಪತ್ರ ಪಡೆದರೆ ಗ್ರಾಹಕರ ವಿಶ್ವಾಸ ಹೆಚ್ಚುತ್ತದೆ ಎಂದು ಮಾರಾಟ ಪ್ರತಿನಿಧಿಗಳು ವ್ಯಾಪಾರಿಗಳಿಗೆ ಹೇಳುತ್ತಾರೆ. ಸಂಸ್ಥೆಯ ನೋಂದಣಿ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಪ್ರಮಾಣಪತ್ರಗಳು ಇವೆ, ಒಂದು ಕಾಲದಲ್ಲಿ ಅಂಥವುಗಳಿಗೆ ವಿಳಾಸದ ಪಕ್ಕದಲ್ಲಿ ಕಂಪನಿಯ ಹೆಸರು ಹಸಿರು ಬಣ್ಣದಲ್ಲಿ ಕಾಣುತ್ತಲೂ ಇತ್ತು. ಆದರೆ 2017ರಲ್ಲಿ ಅಮೆರಿಕದ ಭದ್ರತಾ ಸಂಶೋಧಕರೊಬ್ಬರು ಸ್ಟ್ರೈಪ್ ಎಂಬ ಹೆಸರಾಂತ ಪಾವತಿ ಕಂಪನಿಯ ಹೆಸರಿನಲ್ಲೇ ಕೆಂಟಕಿ ರಾಜ್ಯದಲ್ಲಿ ಕಾನೂನುಬದ್ಧವಾಗಿ ಇನ್ನೊಂದು ಕಂಪನಿ ನೋಂದಾಯಿಸಿ, ಅಂಥದೇ ಪ್ರಮಾಣಪತ್ರ ಪಡೆದು ತೋರಿಸಿದರು. 2019ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ ಆ ಹೆಸರನ್ನು ವಿಳಾಸದ ಪಕ್ಕದಿಂದ ತೆಗೆದುಹಾಕಿದವು. ಗ್ರಾಹಕರ ಕಣ್ಣಿಗೇ ಬೀಳದ ವಸ್ತುವಿಗೆ ಹಳ್ಳಿಯ ನೇಕಾರರಿಂದ ಸಾವಿರಾರು ರೂಪಾಯಿ ವಸೂಲಿ ಮಾಡುವುದು ಸರಿಯೆಂದು ನನಗೆ ತೋರುವುದಿಲ್ಲ. ‘ನೂರಕ್ಕೆ ನೂರು ಸುರಕ್ಷಿತ’ ಎಂದು ಪುಟದ ಕೆಳಗೆ ಅಂಟಿಸುವ ಮುದ್ರೆಯ ಚಿತ್ರಗಳಂತೂ ಬೇರೆಯವರ ಪುಟದಿಂದ ಎತ್ತಿಕೊಂಡು ಬಂದವಾಗಿದ್ದರೂ ಗೊತ್ತಾಗುವುದಿಲ್ಲ.

ಬ್ಯಾಂಕುಗಳ ಮಟ್ಟಿಗೆ ಭಾರತೀಯ ರಿಸರ್ವ್ ಬ್ಯಾಂಕ್ ಬೇರೆ ದಾರಿ ಹಿಡಿದಿದೆ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಬೇಕೆಂದು ಸೂಚಿಸಿ, ಆ ವಿಳಾಸಗಳನ್ನು ನೋಂದಾಯಿಸುವ ಅಧಿಕಾರವನ್ನು ಹೈದರಾಬಾದಿನಲ್ಲಿರುವ ಬ್ಯಾಂಕಿಂಗ್ ತಂತ್ರಜ್ಞಾನ ಸಂಶೋಧನಾ ಕೇಂದ್ರವಾದ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ ವಹಿಸಿತು. ಇದರಿಂದ ಗ್ರಾಹಕರು ಬೀಗವನ್ನಲ್ಲ, ಹೆಸರಿನ ಕೊನೆಯನ್ನು ನೋಡಬಹುದು. ಸೀರೆ, ಬೊಂಬೆ, ಕಾಫಿಪುಡಿ ಮಾರುವವರಿಗೆ ಅಂತಹ ಬೇಲಿ ಇಲ್ಲ. ಇಷ್ಟವಾದ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಹಾಗಾಗಿ ಅಂಗಡಿಯವರು ತಮ್ಮ ಗುರುತನ್ನು ತಾವೇ ಬಿಚ್ಚಿ ತೋರಿಸಬೇಕಾಗುತ್ತದೆ, ಕಾನೂನು ಕೇಳುವುದೂ ಅದನ್ನೇ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಆನ್‌ಲೈನ್ ಅಂಗಡಿಯು ತನ್ನ ಕಾನೂನುಬದ್ಧ ಹೆಸರು, ಪ್ರಧಾನ ಕಚೇರಿಯ ವಿಳಾಸ, ಗ್ರಾಹಕ ಸೇವೆಯ ಸಂಪರ್ಕ ಮತ್ತು ಕುಂದುಕೊರತೆ ಅಧಿಕಾರಿಯ ವಿವರಗಳನ್ನು ಎದ್ದು ಕಾಣುವಂತೆ ಪ್ರಕಟಿಸಬೇಕು. ಬಂದ ದೂರಿಗೆ 48 ಗಂಟೆಗಳೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು. ಅತ್ತಿಗೆಯವರು ಹಣ ಕಟ್ಟಿದ ಅಂಗಡಿಯಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ‘ನಮ್ಮನ್ನು ಸಂಪರ್ಕಿಸಿ’ ಎಂಬ ಪುಟದಲ್ಲಿ ಸಂದೇಶ ಬರೆಯುವ ಒಂದು ಖಾಲಿ ಚೌಕ ಮಾತ್ರ ಇತ್ತು.

ಜಿಎಸ್‌ಟಿ ಸಂಖ್ಯೆಯನ್ನು ಪ್ರಕಟಿಸುವುದು ಇನ್ನೂ ಸುಲಭದ ಉಪಾಯ. ಹದಿನೈದು ಅಕ್ಷರ-ಅಂಕಿಗಳ ಆ ಸಂಖ್ಯೆ ಕರ್ನಾಟಕದ ವ್ಯಾಪಾರಿಯದಾದರೆ 29ರಿಂದ ಆರಂಭವಾಗುತ್ತದೆ. ಅದನ್ನು ಜಿಎಸ್‌ಟಿಯ ಅಧಿಕೃತ ಜಾಲತಾಣದಲ್ಲಿ ಹಾಕಿದರೆ, ಲಾಗಿನ್ ಆಗದೆಯೇ, ನೋಂದಾಯಿತ ಹೆಸರು, ನೋಂದಣಿಯ ದಿನಾಂಕ, ಅದು ಚಾಲ್ತಿಯಲ್ಲಿದೆಯೇ ಎಂಬ ವಿವರ ಯಾರಿಗಾದರೂ ಸಿಗುತ್ತದೆ. ಪರರ ಸಂಖ್ಯೆಯನ್ನು ಕದ್ದು ಹಾಕಿಕೊಳ್ಳುವವರೂ ಇದ್ದಾರೆ, ಆದ್ದರಿಂದ ಅಲ್ಲಿ ಕಂಡ ಹೆಸರಿಗೂ ಯುಪಿಐ ಪಿನ್ ಒತ್ತುವ ಮುನ್ನ ಪರದೆಯ ಮೇಲೆ ಕಾಣುವ ಹೆಸರಿಗೂ ತಾಳೆ ನೋಡುವುದು ಅಗತ್ಯ. ಅತ್ತಿಗೆಯವರ ಫೋನಿನ ದಾಖಲೆಯಲ್ಲಿ ಹಣ ಹೋಗಿದ್ದು ರೇಷ್ಮೆ ಅಂಗಡಿಯ ಹೆಸರಿಗಲ್ಲ, ಯಾವುದೋ ವ್ಯಕ್ತಿಯ ಹೆಸರಿಗೆ. ಆ ಹೆಸರು ಪಿನ್ ಕೇಳುವ ಮೊದಲೇ ಕಣ್ಣೆದುರು ಬಂದಿತ್ತು. ಆದರೆ ಅದನ್ನು ನೋಡಿ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೀಗ ನೋಡಿ ಎಂದು ಮಾತ್ರ ಹೇಳಿದ್ದರು.

ಇಳಕಲ್ಲಿನವರ ಜಾಲತಾಣದಲ್ಲಿ ಈಗ ಬೀಗದ ಬಗ್ಗೆ ಒಂದು ಮಾತೂ ಇಲ್ಲ. ಇರಬೇಕಾದ ಪ್ರಮಾಣಪತ್ರ ಸದ್ದಿಲ್ಲದೆ ತನ್ನ ಕೆಲಸ ಮಾಡುತ್ತಿದೆ. ಮೊದಲ ಪುಟದಲ್ಲೇ ಮನೆಯ ವಿಳಾಸ, ಹಗಲು ಹೊತ್ತು ಅವರೇ ಎತ್ತುವ ಫೋನಿನ ಸಂಖ್ಯೆ, ಜಿಎಸ್‌ಟಿ ಸಂಖ್ಯೆ ಇವೆ. ಒಂದು ಚಿಕ್ಕ ವಿಡಿಯೊದಲ್ಲಿ ಮನೆಯ ಹಿರಿಯರು ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವುದನ್ನು ತೋರಿಸುತ್ತಾರೆ. ಇಳಕಲ್ ಸೀರೆಯ ಆ ಕೊಂಡಿಯ ಕೆಲಸವನ್ನು ಬಲ್ಲ ಗ್ರಾಹಕರು ಅದನ್ನು ನೋಡಿಯೇ ಫೋನ್ ಮಾಡುತ್ತಾರೆಂದು ಅವರು ನನಗೆ ಹೇಳಿದ್ದಾರೆ.

ಆದ್ದರಿಂದ ತಮ್ಮಲ್ಲಿಯೂ, ತಮ್ಮ ಮೂಲಕ ಪೊಲೀಸ್ ಇಲಾಖೆಯಲ್ಲಿಯೂ ಬ್ಯಾಂಕುಗಳಲ್ಲಿಯೂ ನನ್ನ ಕೋರಿಕೆ ಇದು. ಬ್ರೌಸರ್ ‘ಸುರಕ್ಷಿತವಲ್ಲ’ ಎಂದು ತೋರಿಸುವ ಪುಟದಲ್ಲಿ ಏನನ್ನೂ ತುಂಬಬೇಡಿ ಎಂದು ಧಾರಾಳವಾಗಿ ಬರೆಯಿರಿ. ಬೀಗವಿದ್ದರೆ ನಂಬಿ ಎಂಬ ಮಾತನ್ನು ಕೈಬಿಟ್ಟು, ಆ ಜಾಗದಲ್ಲಿ ಅಂಗಡಿಯ ಪೂರ್ತಿ ಹೆಸರು, ವಿಳಾಸ, ಹಣ ಪಡೆಯುವವರ ಹೆಸರು ಮೂರೂ ಒಂದಕ್ಕೊಂದು ಹೊಂದುತ್ತವೆಯೇ ನೋಡಿ ಎಂದು ಸೇರಿಸಿ. ಮೋಸವಾಯಿತೆಂದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಸರಕು ಬಾರದ ಅಥವಾ ಕಳಪೆ ಬಂದ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ ಎಂಬುದನ್ನು ಅದೇ ಚೌಕಟ್ಟಿನಲ್ಲಿ ದಪ್ಪ ಅಕ್ಷರಗಳಲ್ಲಿ ಹಾಕಿ. ಅತ್ತಿಗೆಯವರು ಸೀರೆ ಇಂದು ಬರಬಹುದು, ನಾಳೆ ಬರಬಹುದು ಎಂದು ಹತ್ತು ದಿನ ಕಾದು ಆಮೇಲೆ ಕರೆ ಮಾಡಿದರು. ಅಷ್ಟರಲ್ಲಿ ಹಣ ಆ ಖಾತೆಯಲ್ಲಿ ಉಳಿದಿರಲಿಲ್ಲ.

ಇತಿ ತಮ್ಮ ವಿಶ್ವಾಸಿ,
ಜಾಲತಾಣ ನಿರ್ವಾಹಕ, ಹುಬ್ಬಳ್ಳಿ