ವೈರಸ್ ಹೋದ ಮೇಲೂ ಹೊಟ್ಟೆ ಮುಂದೆ ಸಾಗದಿದ್ದರೆ

ಚಿ. ವಿನಯನಿಗೆ ದೊಡ್ಡಪ್ಪನ ಆಶೀರ್ವಾದಗಳು.

ವಾಂತಿಭೇದಿ ನಿಂತು ಮೂರು ತಿಂಗಳಾದರೂ ಎರಡು ಇಡ್ಲಿಗೇ ಹೊಟ್ಟೆ ಬಿಗಿಯುತ್ತದೆ, ಮಧ್ಯಾಹ್ನ ಉಂಡ ಅನ್ನ ರಾತ್ರಿ ವಾಂತಿಯಲ್ಲಿ ಬರುತ್ತದೆ ಎಂದು ಬರೆದಿದ್ದೀಯ. ಎಂಡೋಸ್ಕೋಪಿ ನಾರ್ಮಲ್ ಬಂತು, ಎಲ್ಲ ಟೆನ್ಷನ್ ಎಂದರೆ ಅಷ್ಟಕ್ಕೇ ಸುಮ್ಮನಾಗಬೇಡಪ್ಪ. ಎಂಡೋಸ್ಕೋಪಿಯಲ್ಲಿ ಒಳಪೊರೆ ಕಾಣುತ್ತದೆ, ನರ ಕಾಣುವುದಿಲ್ಲ.

ಜಠರ, ಕರುಳುಗಳ ಗೋಡೆಯಲ್ಲಿ ಸ್ನಾಯುಪದರಗಳ ನಡುವೆ ಒಂದು ನರಜಾಲವಿದೆ. ಆಹಾರವನ್ನು ಮುಂದಕ್ಕೆ ತಳ್ಳುವ ಅಲೆಗಳನ್ನು ಹೊಂದಿಸಿ ನಡೆಸುವುದು ಅದು. ವಾಂತಿಭೇದಿ ತರುವ ನೋರೋ, ರೋಟಾ ವೈರಸ್ ಸೋಂಕಿನ ನಂತರ ಕೆಲವರಿಗೆ ಈ ಚಲನೆ ಮಂದವಾಗುತ್ತದೆ. 2018ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಇಲಿಗಳಲ್ಲಿ ಒಂದು ಕಾರಣ ತೋರಿಸಿತು. ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ವೈರಸ್ ಕರುಳಿನ ನರಕೋಶಗಳನ್ನು ಹೊಕ್ಕಿತು. ಅವನ್ನು ಹಾಳುಮಾಡಿದ್ದು ವೈರಸ್‌ಗಿಂತ ಹೆಚ್ಚಾಗಿ ಅದನ್ನು ಬೆನ್ನಟ್ಟಿ ಬಂದ ದೇಹದ್ದೇ ಟಿ ಕೋಶಗಳು, ಅಂದರೆ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು. ಚೇತರಿಸಿಕೊಂಡ ಇಲಿಗಳಲ್ಲೂ, ವಾರಗಳ ನಂತರ ಪ್ರತಿರಕ್ಷೆಯನ್ನು ಬೇರೆ ಕಾರಣಕ್ಕೆ ಕೆರಳಿಸಿದಾಗ ಕರುಳು ಮತ್ತೆ ನಿಧಾನವಾಯಿತು. ಮನುಷ್ಯರಲ್ಲೂ ಹೀಗೇ ಎಂದು ಇಷ್ಟರಿಂದ ಹೇಳಲಾಗದು. ಆದರೆ ನೆಗಡಿ ಬಂದಾಗಲೆಲ್ಲ ನಿನ್ನ ಹೊಟ್ಟೆ ಕೆಡುವುದನ್ನು ಡಾಕ್ಟರಿಗೆ ತಪ್ಪದೆ ಹೇಳು.

ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಗ್ಯಾಸ್ಟ್ರಿಕ್ ಎಂಪ್ಟಿಯಿಂಗ್ ಸ್ಕ್ಯಾನ್, ಅಂದರೆ ಜಠರ ಎಷ್ಟು ಬೇಗ ಖಾಲಿಯಾಗುತ್ತದೆ ಎಂದು ನೋಡುವ ಪರೀಕ್ಷೆ, ಮಾಡಿಸು. ಗಟ್ಟಿ ಆಹಾರ ಕೊಟ್ಟು ಪೂರ್ತಿ 4 ಗಂಟೆ ನೋಡಬೇಕು. ಬೇಗ ಮುಗಿಸಿದರೆ ಎಷ್ಟೋ ಸಲ ತೊಂದರೆ ತಪ್ಪಿಹೋಗುತ್ತದೆ. 4 ಗಂಟೆಗೆ ಜಠರದಲ್ಲಿ ಆಹಾರದ ಶೇ. 10ಕ್ಕಿಂತ ಹೆಚ್ಚು ಉಳಿದಿದ್ದರೆ ತಡವೆಂದೇ ಅರ್ಥ. ವಾಂತಿಗೆ ಕೊಡುವ ಡೊಂಪೆರಿಡೋನ್, ನೋವಿಗೆ ಕೊಡುವ ಟ್ರಮಡಾಲ್, ಹೊಟ್ಟೆನೋವಿಗೆ ನುಂಗುವ ಡೈಸೈಕ್ಲೋಮಿನ್, ಇವನ್ನೆಲ್ಲ ಡಾಕ್ಟರನ್ನು ಕೇಳಿಕೊಂಡು ಕನಿಷ್ಠ 48 ಗಂಟೆ ಮೊದಲು ನಿಲ್ಲಿಸು, ಇಲ್ಲದಿದ್ದರೆ ಫಲಿತಾಂಶ ಸುಳ್ಳಾಗುತ್ತದೆ. ಡೈಸೈಕ್ಲೋಮಿನ್ ಅಂತೂ ಹೊಟ್ಟೆಯನ್ನು ಇನ್ನಷ್ಟು ಮಂದ ಮಾಡುತ್ತದೆ. ರಕ್ತದಲ್ಲಿ ಸಕ್ಕರೆ ಏರಿದ್ದರೂ ಹಾಗೆಯೇ. ರಕ್ತ ಪರೀಕ್ಷೆ ಬಿಡಬೇಡ.

ಊಟವನ್ನು ಐದಾರು ಪಾಲು ಮಾಡು. ಮೆತ್ತಗೆ ಬೆಂದ ಅನ್ನ, ಗಂಜಿ, ಹೆಸರುಬೇಳೆ ಕಟ್ಟು ಸಾಕು. ಕೋಸಂಬರಿ, ಸೊಪ್ಪಿನ ಪಲ್ಯ, ಕರಿದದ್ದು ಸದ್ಯ ಬೇಡ. ನಾರು ಜಠರದಲ್ಲಿ ಉಂಡೆಗಟ್ಟಬಹುದು. ಉಂಡೊಡನೆ ಮಲಗಬೇಡ. ಜಠರದ ಚಲನೆ ಚುರುಕಾಗಿಸುವ ಮೆಟಾಕ್ಲೋಪ್ರಮೈಡ್ ಬರೆದುಕೊಟ್ಟರೆ 12 ವಾರ ಮೀರಿಸಬೇಡ; ತುಟಿ, ನಾಲಿಗೆ ತಾವಾಗಿ ಅಲುಗತೊಡಗಿದರೆ ಕೂಡಲೇ ಡಾಕ್ಟರಿಗೆ ತಿಳಿಸು. ವೈರಸ್ಸಿನ ನಂತರ ಬರುವ ಈ ತೊಂದರೆ ಬಹಳ ಮಂದಿಗೆ ತಿಂಗಳುಗಳು ಕಳೆದಂತೆ ತಗ್ಗುತ್ತದೆ, ಎದೆಗುಂದಬೇಡ.

ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ಹಸಿರು ವಾಂತಿಯಾದರೆ ಮಾತ್ರ ಬೆಳಗಾಗಲಿ ಎಂದು ಕಾಯಬೇಡ, ಆ ಕ್ಷಣವೇ ಆಸ್ಪತ್ರೆಗೆ ಹೋಗು. ಸ್ಕ್ಯಾನ್ ರಿಪೋರ್ಟ್ ಬಂದ ದಿನವೇ ನನಗೆ ಕಳಿಸು.

ನಿನ್ನ ದೊಡ್ಡಪ್ಪ