ಗಾರ್ ಮೀನು ಮನೆಯ ತೊಟ್ಟಿಗಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಮ್ಮೂರಿನ ಅಲಂಕಾರಿಕ ಮೀನಿನ ಅಂಗಡಿಯೊಂದರಲ್ಲಿ ಗೇಣುದ್ದವೂ ಇಲ್ಲದ ಅಲಿಗೇಟರ್ ಗಾರ್ ಮರಿಗಳನ್ನು ಮಾರಾಟಕ್ಕಿಟ್ಟಿದ್ದರು. ಕಡ್ಡಿಯಂಥ ಮೈ, ಮೊಸಳೆಯಂಥ ಮೂತಿ. ಆಗಾಗ ನೀರಿನ ಮೇಲಕ್ಕೆ ಬಂದು ಒಂದು ಗುಟುಕು ಗಾಳಿ ನುಂಗಿ ಕೆಳಗಿಳಿಯುತ್ತಿದ್ದವು. ಅಲ್ಲಿದ್ದ ಹೈಸ್ಕೂಲು ಹುಡುಗನೊಬ್ಬ ‘ಎಷ್ಟು ದೊಡ್ಡದಾಗುತ್ತೆ?’ ಎಂದು ಕೇಳಿದ್ದಕ್ಕೆ, ‘ತೊಟ್ಟಿ ಎಷ್ಟಿದೆಯೋ ಅಷ್ಟೇ ಬೆಳೆಯುತ್ತೆ’ ಎಂಬ ಉತ್ತರ ಬಂತು. ಹುಡುಗ ಎರಡು ಮರಿ ಕೊಂಡುಕೊಂಡ. ಆ ಉತ್ತರ ಶುದ್ಧ ಸುಳ್ಳಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಅಲಿಗೇಟರ್ ಗಾರ್ ಉತ್ತರ ಅಮೆರಿಕದ ನದಿಗಳ ಮೀನು. 2011ರಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಬಲೆಗೆ ಬಿದ್ದ ಒಂದು ಗಾರ್ ಎಂಟು ಅಡಿಗೂ ಮಿಗಿಲಾಗಿತ್ತು. ಸುಮಾರು 148 ಕಿಲೋ ತೂಗಿತು. ಇದರ ವಂಶ ಭೂಮಿಯ ಮೇಲೆ ಸುಮಾರು 15 ಕೋಟಿ ವರ್ಷಗಳಿಂದ ಹೆಚ್ಚೇನೂ ಬದಲಾಗದೆ ಉಳಿದು ಬಂದಿದೆ. ಮಹಾರಾಷ್ಟ್ರದ ಡೊಂಗರಗಾಂವ್ ಬಳಿಯ ಶಿಲಾಪದರಗಳಲ್ಲಿ ಸಿಕ್ಕ ಗಾರ್ ಪಳೆಯುಳಿಕೆಯನ್ನು 1908ರಲ್ಲೇ ವಿಜ್ಞಾನಿಗಳು ವರ್ಣಿಸಿದ್ದರು. ಡೈನೋಸಾರ್‌ಗಳು ಇನ್ನೂ ಓಡಾಡುತ್ತಿದ್ದ ಕಾಲಕ್ಕೆ ಈ ವಂಶದ ಮೀನು ನಮ್ಮ ನೆಲದ ಕೆರೆಗಳಲ್ಲೂ ಈಜುತ್ತಿತ್ತು. ಆದರೆ ಆ ಕೆರೆಗಳೂ ಇಲ್ಲ, ಆ ಜೀವಜಾಲವೂ ಇಲ್ಲ. ಇಂದಿನ ನಮ್ಮ ಕೆರೆಗಳಿಗೆ ಅದು ಪರಕೀಯ ಬೇಟೆಗಾರ.

ಎರಡು ವರ್ಷದಲ್ಲಿ ಮೀನು ತೊಟ್ಟಿಗೆ ಹಿಡಿಸದಾದಾಗ ಕೊಲ್ಲಲು ಮನಸ್ಸು ಬಾರದವರು ಅದನ್ನು ರಾತ್ರಿ ಹೊತ್ತು ಹತ್ತಿರದ ಕೆರೆಗೆ ಬಿಟ್ಟು ಬರುತ್ತಾರೆ. 2023ರಲ್ಲಿ ಶ್ರೀನಗರದ ದಾಲ್ ಸರೋವರವನ್ನು ಸ್ವಚ್ಛಗೊಳಿಸುವಾಗ ಅಲಿಗೇಟರ್ ಗಾರ್ ಸಿಕ್ಕಿತ್ತು. ಇದರ ಗಾಳಿಚೀಲ ಶ್ವಾಸಕೋಶದಂತೆ ಕೆಲಸ ಮಾಡುವುದರಿಂದ, ಕೊಳಚೆ ಸೇರಿ ಆಮ್ಲಜನಕ ಕುಸಿದು ಬೇರೆ ಮೀನುಗಳು ಸತ್ತು ತೇಲುವ ನೀರಿನಲ್ಲೂ ಇದು ಮೇಲಿನ ಗಾಳಿ ನುಂಗಿ ಬದುಕಬಲ್ಲದು. ಮೊಟ್ಟೆಗಳೋ ವಿಷ, ತಿಂದವರ ಆರೋಗ್ಯ ಕೆಡುತ್ತದೆ.

ಪ್ರಾಚೀನ ವಂಶದ ಮೀನುಗಳನ್ನು ಸಾಕಲೇಬಾರದೆಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯ ನಾಲ್ಕಡಿ ತೊಟ್ಟಿಯಲ್ಲಿ ಒಂಬತ್ತು ವರ್ಷದಿಂದ ಆಫ್ರಿಕಾ ಮೂಲದ ಸೆನೆಗಲ್ ಬಿಚಿರ್ ಇದೆ. ಬೆನ್ನುದ್ದಕ್ಕೂ ಪುಟ್ಟ ಬಾವುಟಗಳಂತೆ ರೆಕ್ಕೆಗಳ ಸಾಲು. ಮುಂದಿನ ಎರಡು ರೆಕ್ಕೆಗಳನ್ನು ಮರಳಿಗೆ ಊರಿ, ಮೊಣಕೈ ಮೇಲೆ ಒರಗಿದವರಂತೆ ತಲೆಯೆತ್ತಿ ನೋಡುತ್ತದೆ. ಅದು ಒಂದಡಿಯ ಆಸುಪಾಸಿಗೆ ನಿಲ್ಲುವ ಜಾತಿ. ಜಿಗಿದು ಹೊರಬೀಳದಂತೆ ಭದ್ರವಾದ ಮುಚ್ಚಳ, ಉಸಿರಾಟಕ್ಕೆ ಮುಚ್ಚಳದ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಇರಬೇಕೆಂದು ಮೊದಲೇ ತಿಳಿದುಕೊಂಡು ತಂದಿದ್ದೆ. ಷಿಕಾಗೊದ ಶೆಡ್ ಅಕ್ವೇರಿಯಂಗೆ 1933ರಲ್ಲಿ ಆಸ್ಟ್ರೇಲಿಯಾದಿಂದ ಬಂದ ‘ಗ್ರ್ಯಾಂಡ್‌ಡ್ಯಾಡ್’ ಎಂಬ ಲಂಗ್‌ಫಿಶ್ (ಶ್ವಾಸಕೋಶವಿರುವ ಪ್ರಾಚೀನ ವಂಶದ ಮೀನು) 2017ರವರೆಗೆ ಅಲ್ಲೇ ಬಾಳಿತು. ಇಂಥ ಜೀವಿಯನ್ನು ಸಾಕುವುದೆಂದರೆ ಎಂಬತ್ತು ವರ್ಷಗಳ ಹೊಣೆಯೂ ಆಗಬಹುದು.

ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಿಂದ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಏಷ್ಯಾದ ಅರೋವಾನಾದಂಥ ಮೀನುಗಳನ್ನು ಸಾಕುವವರು ನೋಂದಣಿ ಮಾಡಿಸಬೇಕಾಗಿದೆ. ಅಲಿಗೇಟರ್ ಗಾರ್ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ರಾಜ್ಯ ಸರ್ಕಾರವೇ ಇದರ ಮಾರಾಟವನ್ನು ತಡೆಯಬೇಕು; ಉಳಿದ ಜಾತಿಗಳ ವಿಷಯದಲ್ಲಿ ಪೂರ್ಣ ಬೆಳೆದಾಗಿನ ಉದ್ದ ಮತ್ತು ಆಯುಸ್ಸನ್ನು ತೊಟ್ಟಿಯ ಮೇಲೆ ಕನ್ನಡದಲ್ಲಿ ಬರೆದಿಡುವುದನ್ನು ಅಂಗಡಿಗಳಿಗೆ ಕಡ್ಡಾಯಗೊಳಿಸಬೇಕು. ಈಗಾಗಲೇ ಗಾರ್ ಕೊಂಡವರು ಅದನ್ನು ದಂಡದ ಭಯವಿಲ್ಲದೆ ಒಪ್ಪಿಸಲು ಮೀನುಗಾರಿಕೆ ಇಲಾಖೆ ಪ್ರತಿ ಜಿಲ್ಲೆಯಲ್ಲೂ ಒಂದು ಜಾಗ ಗೊತ್ತುಮಾಡಲಿ. ಅಂಥ ಜಾಗವಿದ್ದರೆ ಆ ಹುಡುಗನನ್ನು ಹುಡುಕಿ ಕರೆದುಕೊಂಡು ಹೋಗಲು ನಾನು ಸಿದ್ಧನಿದ್ದೇನೆ.

– ಅಕ್ವೇರಿಯಂ ಹವ್ಯಾಸಿ, ಮೈಸೂರು