ಮೊದಲು ಗೆರೆ, ಆಮೇಲೆ ದಾಂಪತ್ಯ

ಆತ್ಮೀಯರೇ,

ಫ್ರೆಂಚ್ ಚಿತ್ರಕಾರ ಪಾಲ್ ಸೆಝಾನ್ ಬಿಡಿಸಿದ ಪತ್ನಿಯ ಚಿತ್ರದ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ನಿಮಗೆ ಒಲಿದಿದೆ. ಆದರೆ ಬರೆಯಲು ಕೂರುವ ಮುನ್ನ ಚಿತ್ರದ ಮುಂದೆ ಇನ್ನಷ್ಟು ಹೊತ್ತು ಇರಬೇಕಿತ್ತು ಎನಿಸಿತು.

ಅದನ್ನು ಶಾಯಿಯ ಚಿತ್ರವೆಂದಿದ್ದೀರಿ. ಅದು 1885ರ ಸುಮಾರಿಗೆ ಪೆನ್ಸಿಲ್ ಮತ್ತು ಜಲವರ್ಣದಲ್ಲಿ ಮಾಡಿದ ಹಾಳೆ. ಇದನ್ನು ಸಣ್ಣ ತಪ್ಪೆಂದು ಬಿಡಲಾರೆ. ಕಾಗದಕ್ಕೆ ಇಳಿದ ಶಾಯಿಯ ಗೆರೆಯನ್ನು ಹಿಂದಕ್ಕೆ ಪಡೆಯಲಾಗದು. ಪೆನ್ಸಿಲ್ ಹಿಡಿದವನು ಒಂದೇ ಅಂಚಿನ ಮೇಲೆ ಹಲವು ಸಲ ಹೋಗಿ, ಅನುಮಾನಿಸಿ, ಮತ್ತೆ ಒತ್ತಿ ಎಳೆಯಬಹುದು. ‘ನಿಷ್ಕರುಣವಾದ ಗೆರೆ’ ಎಂಬ ನಿಮ್ಮ ಮಾತು ಹುಟ್ಟಿದ್ದು ಶಾಯಿಯ ಕಲ್ಪನೆಯಿಂದ, ಈ ಹಾಳೆಯಿಂದಲ್ಲ.

ಹಾಳೆಯಲ್ಲಿ ಏನಿದೆ ನೋಡಿ. ಆ ಪತ್ನಿ, ಒರ್ತಾನ್ಸ್ ಫಿಕೆ, ದಿಂಬಿಗೆ ತಲೆಯಾನಿಸಿದ್ದಾಳೆ, ಕಣ್ಣು ತೆರೆದಿವೆ. ಮುಖವೆಲ್ಲ ಪೆನ್ಸಿಲಿನದು. ಬಣ್ಣ ಇರುವುದು ಅದೇ ಹಾಳೆಯ ಹೈಡ್ರೇಂಜಿಯಾ ಹೂವಿನ ಬಳಿ, ಅದರಲ್ಲೂ ಕಣ್ಣು ಹಿಡಿಯುವುದು ಎಲೆಯ ಹಸಿರು. ಫ್ರೆಂಚರು ಈ ಹೂವನ್ನು ಒರ್ತಾನ್ಸಿಯಾ ಎನ್ನುತ್ತಾರೆ. ಅಂದರೆ ಸೆಝಾನ್ ಆಕೆಯ ಹೆಸರನ್ನು ಹೂವಾಗಿ ಬಿಡಿಸಿ ಮುಖದ ಹತ್ತಿರ ಇಟ್ಟಿದ್ದಾನೆ. ನಿಮ್ಮ ಲೇಖನದಲ್ಲಿ ಈ ಹೂವೇ ಇಲ್ಲ. ಅಚ್ಚಾದ ಪ್ರತಿಯ ಮೇಲೆ ತೆಳುಹಾಳೆ ಇಟ್ಟು ಆಕೆಯ ರೆಪ್ಪೆಯ ಗೆರೆಯನ್ನು ನೀವೇ ಒಮ್ಮೆ ಎಳೆದು ನೋಡಿ. ಕೈ ಎಲ್ಲಿ ನಿಧಾನವಾಗುತ್ತದೆಯೋ ಅಲ್ಲಿಂದ ಬರವಣಿಗೆ ಶುರುವಾಗಲಿ.

‘ಪ್ರೀತಿಯಿಲ್ಲದ ದಾಂಪತ್ಯ ಮುಖದಲ್ಲೇ ಕಾಣುತ್ತದೆ’ ಎಂದಿದ್ದೀರಿ. ನಿಮಗಿಂತ ಮೊದಲು ಅನೇಕರು ಆಕೆಯ ತೈಲಚಿತ್ರಗಳನ್ನು ನೋಡಿ ಇದನ್ನೇ ಹೇಳಿದ್ದಾರೆ, ಮತ್ತು ಅದು ಆಕೆಗೆ ಆದ ಅನ್ಯಾಯವೆಂದೇ ನಾನು ನಂಬಿದ್ದೇನೆ. ಅಂಥ ತೈಲಚಿತ್ರಗಳು 29 ಇವೆ. 1899ರಲ್ಲಿ ಭಾವಚಿತ್ರಕ್ಕಾಗಿ ಕುಳಿತ ಚಿತ್ರವ್ಯಾಪಾರಿ ವೊಲಾರ್, ತಾನು 115 ಸಲ ಕೂರಬೇಕಾಯಿತೆಂದೂ ಸೇಬಿನ ಹಾಗೆ ಅಲುಗದೆ ಇರಬೇಕೆಂದು ಸೆಝಾನ್ ಗದರಿದನೆಂದೂ ಬರೆದಿದ್ದಾನೆ. ಅಂಥವನ ಎದುರು ವರ್ಷಗಟ್ಟಲೆ ಕುಳಿತವಳ ಮುಖ ನಗುತ್ತಿಲ್ಲವೆಂದು ದೂರುವುದು ಹೇಗೆ?

ಇನ್ನು ‘ಪತ್ನಿ’ ಎಂಬ ಪದ. ಸೆಝಾನ್ ಮತ್ತು ಒರ್ತಾನ್ಸ್ ಜೊತೆಯಾದದ್ದು 1869ರ ಸುಮಾರಿಗೆ, ಮಗ ಹುಟ್ಟಿದ್ದು 1872ರಲ್ಲಿ, ಮದುವೆ 1886ರ ಏಪ್ರಿಲ್‌ನಲ್ಲಿ. ಬ್ಯಾಂಕರ್ ತಂದೆ ಕಳುಹಿಸುತ್ತಿದ್ದ ಹಣ ನಿಂತೀತೆಂಬ ಭಯದಿಂದ ಅವನು ಈ ಸಂಸಾರವನ್ನು ವರ್ಷಗಳ ಕಾಲ ಮುಚ್ಚಿಟ್ಟಿದ್ದ. ಚಿತ್ರ ಆದ ಕಾಲಕ್ಕೆ ಆಕೆ ಇನ್ನೂ ಮದಾಂ ಸೆಝಾನ್ ಆಗಿರಲಿಲ್ಲವೆಂದೇ ತೋರುತ್ತದೆ. 1885ರ ವಸಂತದಲ್ಲಿ ಬೇರೊಬ್ಬ ಹೆಂಗಸಿಗೆ ಅವನು ಬರೆದ ಪ್ರೇಮಪತ್ರದ ಕರಡೂ ಉಳಿದಿದೆ. ಇವನ್ನು ಮುಚ್ಚಿಡಬೇಡಿ, ಆದರೆ ಆ ಕರಡನ್ನು ಓದಿ ಬಂದ ಕಣ್ಣಿನಿಂದ ದಿಂಬಿನ ಮೇಲಿನ ಮುಖವನ್ನು ನೋಡಿದರೆ, ಅಲ್ಲಿಲ್ಲದ ನೋವೂ ಕಾಣತೊಡಗುತ್ತದೆ.

ತಿದ್ದಿದ ಪ್ರತಿಯಲ್ಲಿ ಹೂವಿನ ಎಲೆ ಮೊದಲ ಪುಟದಲ್ಲೇ ಬರಲಿ, ಪ್ರೇಮಪತ್ರ ಕೊನೆಗಿರಲಿ. ಕಳುಹಿಸಿ, ಕಾಯುತ್ತಿರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ